ಪಾರಣೆಯ ನೀರು

ಮಾಳವಾಡಿಯಲ್ಲಿ ಮನುಷ್ಯರಿಗಿಂತ ಮೂಗುಗಳು ಹೆಚ್ಚು. ಮನುಷ್ಯನಿಗೆ ಹುಟ್ಟುವಾಗ ಬಂದದ್ದು ಒಂದೇ. ಸರಕಾರ ಮನೆಗೆ ಮೂರು ಕೊಟ್ಟಿದೆ. ಪಡಸಾಲೆಗೊಂದು, ಅಡುಗೆಮನೆಗೊಂದು, ಬಚ್ಚಲಿಗೊಂದು. ಕಡ್ಡಿಪೆಟ್ಟಿಗೆಯಷ್ಟು ಸಣ್ಣ ಆ ಬೂದು ಡಬ್ಬಿಗೆ ಕಡತದಲ್ಲಿ ಉದ್ದನೆಯ ಹೆಸರಿದೆ, ಊರವರು ಕರೆಯುವುದು ಮೂಗು ಅಂತಲೇ. ಊರಾಚೆಯ ರಾಸಾಯನಿಕ ಕಾರ್ಖಾನೆ ಒಮ್ಮೆ ಸೋರಿ ಊರಿಗೆ ಊರೇ ಕೆಮ್ಮಿದ ಮೇಲೆ ಇವು ಬಂದವು. ಬಂದ ಮೇಲೆ ಜನ ತಮ್ಮ ಸ್ವಂತ ಮೂಗಿಗೆ ನಿವೃತ್ತಿ ಕೊಟ್ಟುಬಿಟ್ಟರು. ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ನೋಡಲಿಕ್ಕೂ ಪಾತ್ರೆಯನ್ನು ಗೋಡೆಯ ಡಬ್ಬಿಯ ಮುಂದೆ ಹಿಡಿಯುವವರಿದ್ದರು.

ಆದರೆ ಈ ಮೂಗು ವಾಸನೆ ನೋಡುವುದಿಲ್ಲ, ತೂಗುತ್ತದೆ. ಒಂದು ಗುಟುಕು ಗಾಳಿ ಎಳೆದುಕೊಂಡು ಅದರೊಳಗಿನ ಅಣುಗಳ ಮೇಲೆ ಅತಿನೇರಳೆ ಬೆಳಕು ಬಿಡುತ್ತದೆ. ಬೆಳಕಿನ ಪೆಟ್ಟು ಬಿದ್ದ ಅಣು ತನ್ನ ಒಂದು ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ. ಎಲೆಕ್ಟ್ರಾನಿನದು ಋಣ ವಿದ್ಯುತ್ತು. ಅದು ಹೋದ ಮೇಲೆ ಉಳಿದ ಅಣು ಧನವಾಗುತ್ತದೆ. ಧನವಾದದ್ದನ್ನು ಡಬ್ಬಿಯೊಳಗಿನ ವಿದ್ಯುತ್ ಕ್ಷೇತ್ರ ಎಳೆದು ಓಡಿಸುತ್ತದೆ. ಹಗುರಾದದ್ದು ಬೇಗ ಗುರಿ ಮುಟ್ಟುತ್ತದೆ, ಭಾರವಾದದ್ದು ತಡವಾಗಿ. ಕಾರ್ಖಾನೆಯ ಕೊಳವೆಯಲ್ಲಿ ಹರಿಯುವುದು ಪ್ರೊಪನಾಲ್ ಎಂಬ ಆಲ್ಡಿಹೈಡು. ಅದರ ಅಣುವಿನಲ್ಲಿ ಮೂರು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕ. ಎಲ್ಲ ಕೂಡಿ ತೂಕ ಐವತ್ತೆಂಟು. ಐವತ್ತೆಂಟು ಕಂಡಿತೆಂದರೆ ಸೈರನ್ ಕೂಗಬೇಕು.

ತಂಟೆ ಇದ್ದದ್ದು ಇಲ್ಲೇ. ಅಸಿಟೋನ್ ಎಂಬ ಕೀಟೋನಿನ ತೂಕವೂ ಐವತ್ತೆಂಟೇ. ಅದೇ ಮೂರು, ಅದೇ ಆರು, ಅದೇ ಒಂದು. ಅದು ಹುಟ್ಟುವುದು ಉಪವಾಸವಿದ್ದವರ ಮೈಯಲ್ಲಿ. ಅನ್ನ ಸಿಗದ ದೇಹ ತನ್ನ ಕೊಬ್ಬನ್ನೇ ಕರಗಿಸತೊಡಗಿದಾಗ ಅಸಿಟೋನ್ ಉಸಿರಿನಲ್ಲಿ ಬೆರೆತು, ಕಳಿತ ಹಣ್ಣಿನ ವಾಸನೆಯಾಗಿ ಹೊರಬರುತ್ತದೆ. ಮೂಗು ಕೂರಿಸಿದ ಎಂಜಿನಿಯರುಗಳಿಗೆ ಕೊಳವೆಯ ನಕ್ಷೆ ಬಾಯಿಪಾಠವಿತ್ತು. ಭಾದ್ರಪದ ಮಾಸದ ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಬರೀ ನೀರಿನ ಮೇಲೆ ಇರುವ ಬಸದಿ ಓಣಿ ಗೊತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಮೂಗುಗಳು ಬಂದ ಮೊದಲ ಪರ್ವದಲ್ಲೇ ಸೈರನ್ ಕೂಗಿತು. ಮುಖವಾಡ ಹಾಕಿಕೊಂಡ ರಕ್ಷಣಾ ಪಡೆಯವರು ನುಗ್ಗಿ ತಾರಾಬಾಯಿ ಮಗದುಮ್ಮರನ್ನು ಸ್ಟ್ರೆಚರಿನ ಮೇಲೆ ಹೊತ್ತೊಯ್ದರು. ಎಚ್ಚರವಿದ್ದ ಹೆಂಗಸು ಬೇಡ ಬೇಡ ಎನ್ನುತ್ತಿದ್ದರೂ ಗ್ಲೂಕೋಸ್ ಏರಿಸಿದರು. ಎಂಟನೆಯ ದಿನಕ್ಕೆ ವ್ರತ ಮುರಿಯಿತು. ಆ ಸೈರನ್ನಿನ ಗುಂಡಿ ಒತ್ತಿದ್ದವಳು ನಿಯಂತ್ರಣ ಕೊಠಡಿಯ ಪಾಳಿ ಅಧಿಕಾರಿ ಕುಸುಮಾ, ತಾರಾಬಾಯಿಯ ಸೊಸೆ. ಅಂದಿನಿಂದ ಅತ್ತೆ ಸೊಸೆಯ ಕೈಯಿಂದ ಒಂದು ಲೋಟ ನೀರನ್ನೂ ಮುಟ್ಟಿಲ್ಲ. ಜಗಳವಿಲ್ಲ, ಬೈಗುಳವಿಲ್ಲ, ಇದ್ದದ್ದು ಅದಕ್ಕಿಂತ ಕೆಟ್ಟದ್ದಾದ ಮೌನ.

ಮೌನ ಮುರಿಯಲೆಂದು ಕುಸುಮಾ ತಾನೇ ಓಡಾಡಿ ನಿಯಂತ್ರಣ ಕೊಠಡಿಗೂ ಓಣಿಗೂ ನಡುವೆ ಒಂದು ಒಪ್ಪಂದ ಮಾಡಿಸಿದ್ದಳು. ಪರ್ವ ಮುಗಿಯುವವರೆಗೆ ಬಸದಿ ಓಣಿಯಲ್ಲಿ ಐವತ್ತೆಂಟು ಕಂಡರೆ ಅದನ್ನು ಉಪವಾಸದ ಉಸಿರೆಂದೇ ತಿಳಿಯಬೇಕು, ಪುರಾವೆಯಿಲ್ಲದೆ ಸೈರನ್ ಕೂಗಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಇರುವೆಯನ್ನೂ ದಾಟಿ ನಡೆಯುವ ಓಣಿಗೆ ಹೇಳಿ ಮಾಡಿಸಿದ ಗಾದೆ ಅದು. ಓಣಿ ಸಂತೋಷಪಟ್ಟಿತು. ಅತ್ತೆ ಮಾತ್ರ ಹೂಂ ಎಂದೂ ಅನ್ನಲಿಲ್ಲ.

ಇವತ್ತು ಪಾರಣೆ. ಹತ್ತು ದಿನದ ಉಪವಾಸ ಬಿಡುವ ಬೆಳಗು. ಸೂರ್ಯ ಹುಟ್ಟಿ ಎರಡು ಗಳಿಗೆಯಾದ ಮೇಲೆ ಬಸದಿಯ ಘಂಟೆ ಬಾರಿಸುತ್ತದೆ. ಆಗ, ಹಿಂದಿನ ಸಂಜೆ ಹೊತ್ತು ಮುಳುಗಿದಾಗಿನಿಂದ ನೀರನ್ನೂ ಮುಟ್ಟದ ಓಣಿಯ ಹಿರಿಯ ವ್ರತಸ್ಥೆ ತಾರಾಬಾಯಿ ಮೊದಲ ಗುಟುಕು ನೀರು ಕುಡಿಯುತ್ತಾರೆ. ಅವರು ಕುಡಿಯುವವರೆಗೆ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ, ಯಾರೂ ಪಾರಣೆಯ ಒಲೆ ಹಚ್ಚುವಂತಿಲ್ಲ. ಕುಡಿದರೆಂದು ಸುದ್ದಿ ಬಂದ ಕೂಡಲೇ ಮನೆಮನೆಯಲ್ಲಿ ಹೆಸರುಬೇಳೆಯ ತಿಳಿಸಾರಿಗೆ ಒಲೆ ಹತ್ತುತ್ತದೆ.

ನಿಯಂತ್ರಣ ಕೊಠಡಿಯ ಕಿಟಕಿಯಲ್ಲಿ ಬೆಳಕು ಕೆಂಪಾಗುತ್ತಿತ್ತು. ಕುಸುಮಾ ದಿನವೂ ಮಾಡುವ ಕೆಲಸವನ್ನೇ ಮಾಡಿದಳು. ಮಾತಾಡದ ಅತ್ತೆಯ ಯೋಗಕ್ಷೇಮ ತಿಳಿಯಲು ಅವಳಿಗಿದ್ದದ್ದು ಒಂದೇ ದಾರಿ: ತೆರೆಯ ಮೇಲೆ ತಮ್ಮ ಪಡಸಾಲೆಯ ಐವತ್ತೆಂಟರ ಗೆರೆ. ಒಪ್ಪಂದದ ಪ್ರಕಾರ ಅದಕ್ಕೆ ಬೂದು ಬಣ್ಣ, ಕೂಗುವ ಹಕ್ಕಿಲ್ಲ. ದಿನದಿನಕ್ಕೆ ಗೆರೆ ಸ್ವಲ್ಪ ಸ್ವಲ್ಪವೇ ಏರುವುದನ್ನು ನೋಡಿ, ಅತ್ತೆಯ ದೇಹ ಇನ್ನೂ ಸರಿಯಾಗಿ ನಡೆಯುತ್ತಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಇವತ್ತು ಪಡಸಾಲೆಯ ಗೆರೆ ಎಂದಿನಂತಿತ್ತು. ಅತ್ತೆ ಮಲಗುವುದು ಅಲ್ಲೇ. ಆದರೆ ಅವಳು ಎಂದೂ ನೋಡದ ಬಚ್ಚಲಿನ ಗೆರೆ ಇವತ್ತು ಕಣ್ಣಿಗೆ ಬಿತ್ತು, ಅದು ಪಡಸಾಲೆಯದರ ಹತ್ತರಷ್ಟು ಎತ್ತರವಿತ್ತು.

ಅತ್ತೆ ಬಚ್ಚಲಲ್ಲಿ ಬಿದ್ದಿದ್ದಾರೆಯೇ? ಗಂಡ ಭೂಪಾಲನಿಗೆ ಫೋನ್ ಮಾಡಿದಳು.

"ಅವ್ವ ಪಡಸಾಲ್ಯಾಗ ಜಪಾ ಮಾಡಾಕತ್ತಾಳ," ಎಂದ ಭೂಪಾಲ. "ಯಾಕ, ಏನಾತು?"

"ಏನಿಲ್ರೀ," ಎಂದು ಫೋನ್ ಇಟ್ಟವಳು ಪಕ್ಕದ ಮನೆಯ ಬಚ್ಚಲು ನೋಡಿದಳು. ಅಲ್ಲಿ ಇನ್ನೂ ಎತ್ತರ. ಅದು ಚೌಗಲೆಯವರ ಮನೆ. ಚೌಗಲೆಯವರು ಪರ್ವಕ್ಕೆ ಮುಂಚೆಯೇ ಮನೆಗೆ ಬೀಗ ಹಾಕಿ ಶಿಖರಜಿ ಯಾತ್ರೆಗೆ ಹೋಗಿದ್ದರು. ಯಾರೂ ಇಲ್ಲದ ಮನೆಯಲ್ಲಿ ಉಪವಾಸ ಮಾಡುತ್ತಿರುವವರು ಯಾರು?

ಓಣಿಯ ಎಲ್ಲ ಬಚ್ಚಲುಗಳನ್ನೂ ಒಂದರ ಪಕ್ಕ ಒಂದು ತೆರೆಗೆ ತಂದಳು. ಬಸದಿಯ ಎತ್ತರದಿಂದ ಕೆಳಗೆ ಇಳಿದಂತೆ ಗೆರೆಗಳು ಏರುತ್ತಿದ್ದವು. ಐವತ್ತೆಂಟು ಗಾಳಿಗಿಂತ ಎರಡರಷ್ಟು ಭಾರ. ಅದು ತಗ್ಗಿಗೆ ಇಳಿಯುತ್ತದೆ, ಗಟಾರದಲ್ಲಿ ತುಂಬುತ್ತದೆ, ಬೆಂಕಿ ಕಂಡರೆ ಸಿಡಿಯುತ್ತದೆ. ಓಣಿಯ ಗಟಾರ ಎಲ್ಲರ ಅಡುಗೆಮನೆಯ ಅಡಿಯಲ್ಲಿಯೇ ಹಾದುಹೋಗಿತ್ತು.

ಮುಖ್ಯಾಧಿಕಾರಿ ಕಿತ್ತೂರರು ಆಗಷ್ಟೇ ಚಹಾ ಹಿಡಿದು ಒಳಗೆ ಬಂದರು. ಅವಳು ಹೇಳಿದ್ದನ್ನು ಕೇಳುತ್ತ ಚಹಾ ಕುಡಿಯುವುದನ್ನು ಮರೆತರು.

"ಖರೇ ಇರಬಹುದು ಮೇಡಂನೋರ," ಎಂದರು. "ಸುಳ್ಳೂ ಇರಬಹುದು. ಓಣಿ ಮಂದಿ ಉಸರೆಲ್ಲಾ ತಗ್ಗಿಗೆ ಇಳದು ಗಟಾರದಾಗ ಕೂತಿದ್ರ? ಅಸಿಟೋನೂ ಅಷ್ಟ ಭಾರ ಐತಲ್ಲ."

"ಉಸರಿಗೆ ಇಷ್ಟು ಎತ್ತರ ಬರೂದಿಲ್ರೀ ಸರ್."

"ನಿಮಗ ಗೊತ್ತೈತಿ, ನನಗ ಗೊತ್ತೈತಿ. ಒಪ್ಪಂದಕ್ಕ ಗೊತ್ತಿಲ್ಲ. ಅದನ್ನ ಬರದಾವ್ರು ನೀವ. ಪುರಾವಿ ಇಲ್ದ ಸೈರನ್ ಒತ್ತಿದ್ರ ಪಡೆದಾವ್ರು ಬಂದು ಒಬ್ಬೊಬ್ರನ್ನೂ ಎತ್ತಿ ಸಲಾಯಿನ್ ಹಚ್ಚತಾರ. ಹತ್ತು ದಿನದ್ದು ಕಡೀ ಗಳಿಗ್ಯಾಗ ಮುರೀತೈತಿ. ಹೋದ ಸಲದ್ದು ನೆನಪೈತಲ್ಲ?"

ನೆನಪಿರದೆ ಏನು. ಅವಳು ದಿನವೂ ಆ ನೆನಪಿನ ಜೊತೆಯೇ ಊಟ ಮಾಡುತ್ತಿದ್ದಳು.

"ಮಾದರಿ ಬೆಳಗಾವಿ ಲ್ಯಾಬಿಗೆ ಹೋಗಿ ಬರೂದ್ರಾಗ ಸಂಜೀ ಆಗತೈತಿ," ಎಂದರು ಕಿತ್ತೂರರು. ಬಿಸಿ ತುಪ್ಪ ಬಾಯಿಗೆ ಬಿದ್ದವರಂತೆ ಅವರ ಮುಖವಿತ್ತು. "ನನಗ ಕಣ್ಣಿಗೆ ಕಾಣೂ ಪುರಾವಿ ಒಂದು ಕೊಡ್ರಿ. ಗುಂಡಿ ನಾನ ಒತ್ತತೀನಿ."

ಕುಸುಮಾ ಭೂಪಾಲನಿಗೆ ಮತ್ತೆ ಫೋನ್ ಮಾಡಿ, ಒಲೆ ಹಚ್ಚಬೇಡಿರೆಂದು ಓಣಿಗೆ ಹೇಳಲು ಕೇಳಿದಳು. ಅವನು, "ನೀ ಹೇಳಿದಿ ಅಂತ ಹೇಳ್ಲೇನು?" ಎಂದ. ಆ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ತೋಳ ಬಂತು ತೋಳ ಎಂದು ಒಮ್ಮೆ ಕೂಗಿದವಳ ಮಾತನ್ನು ಪಾರಣೆಯ ದಿನ ಯಾರು ಕೇಳುತ್ತಾರೆ? ಓಣಿಯಲ್ಲಿ ಎಲ್ಲರೂ ಕೇಳುವ ಮಾತು ಒಬ್ಬರದೇ. ಆ ಒಬ್ಬರು ಇವಳ ಕೈಯ ನೀರು ಮುಟ್ಟುವವರಲ್ಲ.

ಕಣ್ಣಿಗೆ ಕಾಣುವ ಪುರಾವೆ. ಥಟ್ಟನೆ ಅವಳಿಗೆ ಪಿಯುಸಿ ತರಗತಿ ನೆನಪಾಯಿತು. ಆಗ ತಾರಾಬಾಯಿ ಅತ್ತೆಯಾಗಿರಲಿಲ್ಲ, ಕೆಮಿಸ್ಟ್ರಿ ಕಲಿಸುವ ಮೇಡಂ ಆಗಿದ್ದರು. ಇಂಗಾಲಕ್ಕೆ ಆರು ಎಲೆಕ್ಟ್ರಾನು, ಎರಡು ಒಳಮನೆಯಲ್ಲಿ, ನಾಲ್ಕು ಪಡಸಾಲೆಯಲ್ಲಿ. ಹೊರಗಿನವರ ಕೈ ಹಿಡಿಯುವುದು ಪಡಸಾಲೆಯಲ್ಲಿದ್ದವರು ಮಾತ್ರ, ಅದಕ್ಕೇ ಇಂಗಾಲಕ್ಕೆ ನಾಲ್ಕು ಕೈ ಎನ್ನುತ್ತಿದ್ದರು. ಆಮ್ಲಜನಕಕ್ಕೆ ಎರಡು. ಅದು ಎರಡೂ ಕೈಯಿಂದ ಒಂದೇ ಇಂಗಾಲವನ್ನು ಹಿಡಿದುಕೊಂಡರೆ ಕಾರ್ಬೊನಿಲ್. ಮೂರು ಇಂಗಾಲ ಸಾಲಾಗಿ ನಿಂತಿವೆ ಅನ್ನಿ. ಆಮ್ಲಜನಕ ನಡುವಿನದನ್ನು ಹಿಡಿದರೆ ಕೀಟೋನು. ಅದರ ಎರಡೂ ಮಗ್ಗುಲಲ್ಲಿ ಇಂಗಾಲವೇ ಕಾವಲು. ತುದಿಯದನ್ನು ಹಿಡಿದರೆ ಆಲ್ಡಿಹೈಡು. ಅಲ್ಲಿ ಒಂದು ಮಗ್ಗುಲಿಗೆ ಬರೀ ಒಂದು ಜಲಜನಕ. "ತುದೀ ಮನಿ, ಕಿತ್ತ ಬಾಗ್ಲ," ಎನ್ನುತ್ತಿದ್ದರು ಮೇಡಂ. "ಆ ಬಾಗಲದಾಗ ಆಮ್ಲಜನಕ ಸಲೀಸಾಗಿ ಹೊಕ್ಕತೈತಿ. ಅದಕ್ಕ ಆಲ್ಡಿಹೈಡು ಬ್ಯಾರೆಯವರ ಕಡಿಂದ ಅದನ್ನ ಕಸಗೊಂಡು, ಬೆಳ್ಳಿಯ ಲವಣ ಕೊಟ್ರ ಬೆಳ್ಳೀನ ಬಿಡಸ್ತೈತಿ. ಕೀಟೋನಿಗೆ ಅದು ಸಾಧ್ಯ ಇಲ್ಲ." ಆಮೇಲೆ ಗಾಜಿನ ನಳಿಗೆಯ ಒಳಮೈಗೆ ಬೆಳ್ಳಿ ಹತ್ತಿ ಅದು ಕನ್ನಡಿಯಾಗುವುದನ್ನು ತೋರಿಸಿದ್ದರು. ಹುಡುಗಿಯರೆಲ್ಲ ಅದರಲ್ಲಿ ಮುಖ ನೋಡಿಕೊಳ್ಳಲು ನೂಕಾಡಿದ್ದರು.

ತೂಕ ಹೇಳದ್ದನ್ನು ಕನ್ನಡಿ ಹೇಳುತ್ತದೆ. ಮೂಗುಗಳು ಬರುವ ಮುಂಚಿನ ಕಾಲದ ಸಾಮಾನು ಹಿಂದಿನ ಕಪಾಟಿನಲ್ಲಿ ದೂಳು ತಿನ್ನುತ್ತಿತ್ತು: ಸಿಲ್ವರ್ ನೈಟ್ರೇಟ್, ಅಮೋನಿಯಾ, ಕಾಸ್ಟಿಕ್ ಸೋಡಾ, ನಳಿಗೆಗಳು. ಮೂಗುಗಳನ್ನು ಸರಿಹೊಂದಿಸಲು ಇಟ್ಟ ಅಸಿಟೋನ್ ಬಾಟಲಿಯೂ ಇತ್ತು. ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಕುಸುಮಾ ಸ್ಕೂಟರ್ ಹತ್ತಿದಳು. ಸೂರ್ಯ ಆಗಲೇ ಕಾರ್ಖಾನೆಯ ಚಿಮಣಿಯ ಮೇಲೆ ಬಂದಿದ್ದ.

ಓಣಿಯ ಬಾಯಿಯಲ್ಲೇ ಸ್ಕೂಟರ್ ನಿಲ್ಲಿಸಿ, ಕಿಡಿಯ ಹೆದರಿಕೆಯಿಂದ ಫೋನನ್ನೂ ಡಿಕ್ಕಿಯಲ್ಲಿಟ್ಟು ಓಡಿದಳು. ಮನೆಗಳ ಮುಂದೆ ರಂಗೋಲಿ ಬಿದ್ದಿತ್ತು. ತೆರೆದ ಬಾಗಿಲುಗಳಲ್ಲಿ ತೊಳೆದಿಟ್ಟ ಪಾತ್ರೆ, ಅಕ್ಕಿ, ಬೇಳೆ ಕಂಡವು. ಒಂದು ಮನೆಯ ಹೆಂಗಸು ಕಡ್ಡಿಪೆಟ್ಟಿಗೆಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಘಂಟೆಗಾಗಿ ಕಾಯುತ್ತ ಕುಳಿತಿದ್ದಳು.

ತಾರಾಬಾಯಿ ಪಡಸಾಲೆಯ ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದರು. ಹತ್ತು ದಿನದಲ್ಲಿ ಮುಖ ಚಿಕ್ಕದಾಗಿತ್ತು, ಕಣ್ಣು ದೊಡ್ಡವಾಗಿದ್ದವು. ಪಕ್ಕದಲ್ಲಿ ಥರ್ಮಾಸು, ಬೆಳ್ಳಿಯ ಲೋಟ. ಅದರಲ್ಲಿದ್ದದ್ದು ನಿನ್ನೆ ಸಂಜೆ ಹೊತ್ತು ಮುಳುಗುವ ಮುಂಚೆ ಸೋಸಿ ಕಾಯಿಸಿಟ್ಟ ನೀರು. ಪಾರಣೆಯ ನೀರು. ಕಾಯಿಸದ ನೀರನ್ನು ಅವರು ಮುಟ್ಟುವುದಿಲ್ಲ. ಭೂಪಾಲ ಬಾಗಿಲಲ್ಲಿ ನಿಂತಿದ್ದ.

ಕುಸುಮಾ ಕುಳಿತುಕೊಳ್ಳಲೂ ಇಲ್ಲ. "ಅತ್ತ್ಯಾರ, ಬಚ್ಚಲದಾಗ ಏನರ ವಾಸನಿ ಬಂದಿತ್ರೇನು?"

ತಾರಾಬಾಯಿ ಅವಳನ್ನು ನೋಡಿದರು. ಮೂರು ವರ್ಷದಲ್ಲಿ ಸೊಸೆ ಅವರನ್ನು ನೇರವಾಗಿ ಏನಾದರೂ ಕೇಳಿದ್ದು ಇದೇ ಮೊದಲು.

"ಕಳತ ಹಣ್ಣಿಂದು," ಎಂದರು ನಿಧಾನವಾಗಿ. "ಮೂರು ದಿನಾ ಆತು. ಸ್ವಲ್ಪ ಮೂಗಿಗೆ ಚುಚ್ಚತೈತಿ. ಉಪವಾಸದ ಬಾಯಿ ಅಲ್ಲ? ನನ್ನ ಉಸರ ಅನ್ಕೊಂಡೆ."

ಓಣಿಯ ಎಲ್ಲರೂ ಹಾಗೇ ಅಂದುಕೊಂಡಿದ್ದರು. ಯಂತ್ರಕ್ಕೆ ಕುಸುಮಾ ಕಲಿಸಿದ ತಪ್ಪನ್ನು ಓಣಿ ಯಾರೂ ಕಲಿಸದೆಯೇ ಮಾಡಿತ್ತು.

"ಅದು ನಿಮ್ಮ ಉಸರ ಅಲ್ರೀ. ಕಾರ್ಖಾನಿ ಕೊಳವೀದು ಪ್ರೊಪನಾಲ್ ಇರಬೇಕು. ಗಟಾರದ ತುಂಬ ಐತಿ. ನಾ ಬಾಯಿಲೆ ಹೇಳಿದ್ರ ನಂಬಬ್ಯಾಡ್ರಿ," ಎಂದು ಕುಸುಮಾ ಚೀಲ ಬಿಚ್ಚಿದಳು. "ನೀವ ಕಲಿಸಿದ್ದು ಮಾಡಿ ತೋರಸ್ತೀನಿ, ನೀವ ನೋಡಿ ಹೇಳ್ರಿ."

ಎರಡು ನಳಿಗೆಗಳನ್ನು ತೊಳೆದಳು. ಸಿಲ್ವರ್ ನೈಟ್ರೇಟಿಗೆ ಒಂದು ಹನಿ ಕಾಸ್ಟಿಕ್ ಬಿದ್ದು ಕಂದು ಗಸಿ ಎದ್ದಿತು. ಅವಸರದಲ್ಲಿ ಅಮೋನಿಯಾ ಒಮ್ಮೆಲೇ ಸುರಿಯಲು ಹೋದಳು.

"ಹನಿ ಹನಿ," ಎಂದರು ತಾರಾಬಾಯಿ. "ಗಸಿ ಕರಗೂತನ ಅಷ್ಟ. ಹೆಚ್ಚಾದ್ರ ಕೆಡತೈತಿ."

ಹನಿ ಹನಿಯಾಗಿ ಬಿಟ್ಟಳು. ನೀರು ತಿಳಿಯಾಯಿತು. ಒಂದು ನಳಿಗೆಗೆ ಬಾಟಲಿಯ ಅಸಿಟೋನ್ ಹಾಕಿದಳು. ಇನ್ನೊಂದಕ್ಕೆ ಬಚ್ಚಲಿನ ಮೋರಿಯಲ್ಲಿ ನಿಂತ ನೀರನ್ನು ಚಮಚೆಯಿಂದ ತೆಗೆದು ಹಾಕಿದಳು. ಎರಡೂ ಒಂದೇ ಥರ ಕಾಣುತ್ತಿದ್ದವು. ಅಂಗೈಯಲ್ಲಿ ಹಿಡಿದು ಉಜ್ಜಿದಳು. ಏನೂ ಆಗಲಿಲ್ಲ.

"ಬಿಸಿ ಬೇಕು," ಎಂದರು ತಾರಾಬಾಯಿ. "ಬಿಸಿನೀರಾಗ ನಿಂದ್ರಸಬೇಕು."

ಕುಸುಮಾಳ ಕೈ ನಿಂತಿತು. ಬಿಸಿನೀರಿಗೆ ಒಲೆ ಹಚ್ಚಬೇಕು. ಒಲೆ ಹಚ್ಚಬಾರದು ಎಂದು ಸಾಬೀತುಮಾಡಲು ಒಲೆ ಹಚ್ಚುವುದೇ? ಮನೆಯಲ್ಲಿ ಬಿಸಿಯಾದದ್ದು ಇನ್ನೊಂದೇ ಇತ್ತು. ಅವಳು ಥರ್ಮಾಸನ್ನು ನೋಡಿದಳು, ನೋಡಿದ್ದಕ್ಕೆ ನಾಚಿ ಕಣ್ಣು ತಗ್ಗಿಸಿದಳು. ಆ ನೀರು ಹೋದರೆ ಅತ್ತೆಗೆ ಕುಡಿಯಲು ಬೇರೆ ನೀರಿಲ್ಲ. ಹತ್ತು ದಿನದ ಮೇಲೆ ಇನ್ನೆಷ್ಟು ಹೊತ್ತು ಈ ಜೀವ ತಡೆದೀತು?

"ಬ್ಯಾಡ," ಎಂದ ಭೂಪಾಲ. ಅವನ ಧ್ವನಿ ಗಡುಸಾಗಿತ್ತು. "ಕುಸುಮಾ, ಬ್ಯಾಡ. ಡಾಕ್ಟ್ರು ಏನಂದಾರ ಗೊತ್ತೈತಲ್ಲ? ಘಂಟಿ ಆದ ಕೂಡ್ಲೆ ಅವ್ವಗ ನೀರು ಬೇಕ ಬೇಕು. ಒಮ್ಮೆ ಮುರದಿದಿ, ಸಾಕು."

ಮೇಲಿನಿಂದ ಬಸದಿಯ ಘಂಟೆ ಬಾರಿಸಿತು.

ಓಣಿಯಲ್ಲಿ ಬಾಗಿಲುಗಳು ಸರಿದ ಸದ್ದಾಯಿತು. ಹೊಸಿಲಾಚೆ ಎರಡು ಮೂರು ಮುಖಗಳು ಕಂಡವು. ಅಜ್ಜಿ ಕುಡಿದರೇ ಎಂದು ನೋಡಿಹೋಗಲು ಬಂದವರು. ತಾರಾಬಾಯಿ ಥರ್ಮಾಸಿನ ಮುಚ್ಚಳ ತಿರುಗಿಸಿದರು. ಆ ಕೆಲಸಕ್ಕೆ ಎರಡೂ ಕೈ ಬೇಕಾದವು. ಲೋಟಕ್ಕೆ ನೀರು ಬಗ್ಗಿಸಿದರು. ಹಬೆ ಎದ್ದಿತು.

ಕುಸುಮಾ ಬೇಡಿಕೊಳ್ಳಲಿಲ್ಲ. ಬೇಡಿಕೊಂಡು ಇನ್ನೊಂದು ವ್ರತ ಮುರಿಸುವ ಧೈರ್ಯ ಅವಳಿಗಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತು, ಸುದ್ದಿ ಹೊರಗೆ ಹೋಗದಂತೆ ತಡೆಯಬಹುದೇ ಎಂದು ಮಾತ್ರ ಯೋಚಿಸುತ್ತಿದ್ದಳು.

"ಎರಡೂ ನಳಿಗಿ ಇಲ್ಲಿ ಕೊಡು," ಎಂದರು ತಾರಾಬಾಯಿ.

ಅವರು ನಳಿಗೆಗಳನ್ನು ಲೋಟದ ನೀರಿನಲ್ಲಿ ಇಳಿಸಿ, ಅಲುಗದಂತೆ ತುದಿ ಹಿಡಿದರು. ಉಳಿದ ನೀರನ್ನೂ ಥರ್ಮಾಸಿನಿಂದ ಪೂರ್ತಿ ಬಗ್ಗಿಸಿದರು. ಲೋಟ ತುಂಬಿ ನೀರು ನೆಲಕ್ಕೆ ಚೆಲ್ಲಿತು.

"ಅಲುಗಾಡಿಸಿದ್ರ ಕನ್ನಡಿ ಆಗೂದಿಲ್ಲ, ಕರೀ ಪುಡಿ ಆಗತೈತಿ," ಎಂದರು ತಾರಾಬಾಯಿ, ಎದುರಿಗೆ ತರಗತಿಯೇ ಕುಳಿತಿದ್ದ ಹಾಗೆ.

ಹೊರಗೆ ಒಬ್ಬ ಹೆಂಗಸು, "ಕುಡದ್ರೇನು?" ಎಂದು ಕೇಳಿದಳು. ಇನ್ನೊಬ್ಬಳು ಸುಮ್ಮನಿರು ಎಂದಳು. ಅಸಿಟೋನಿನ ನಳಿಗೆ ತಿಳಿಯಾಗಿಯೇ ಇತ್ತು. ಮೋರಿಯ ನೀರಿನದೂ ತಿಳಿಯಾಗಿಯೇ ಇತ್ತು. ಕುಸುಮಾಳಿಗೆ ಒಂದು ಕ್ಷಣ, ತಾನು ಮತ್ತೆ ತಪ್ಪಿದೆ, ಈ ಮುದುಕಿಯ ನೀರನ್ನೂ ಕಸಿದುಕೊಂಡೆ ಎನ್ನಿಸಿತು.

ಆಮೇಲೆ ಆ ನಳಿಗೆಯ ತಳ ಸ್ವಲ್ಪ ಕಪ್ಪಾಯಿತು. ಕಪ್ಪು ಮೇಲಕ್ಕೇರಿತು, ಏರುತ್ತ ಹೊಳೆಯತೊಡಗಿತು. ನೋಡುತ್ತಿದ್ದಂತೆ ಗಾಜು ಕಾಣದಾಯಿತು. ತಾರಾಬಾಯಿ ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಅದರ ಬಾಗಿದ ಮೈಯಲ್ಲಿ ಬಾಗಿಲು, ಬಾಗಿಲಲ್ಲಿ ನಿಂತವರು, ಮುಂದೆ ಮಂಡಿಯೂರಿದ ಸೊಸೆ, ಎಲ್ಲರೂ ಸಣ್ಣಗೆ ಉದ್ದವಾಗಿ ಕಂಡರು. ಇನ್ನೊಂದು ನಳಿಗೆ ಹಾಗೆಯೇ ಇತ್ತು.

"ಆಲ್ಡಿಹೈಡು," ಎಂದರು ತಾರಾಬಾಯಿ. ನಂತರ ಬಾಗಿಲ ಕಡೆ ನೋಡಿ, ಅಷ್ಟೇ ಮೆಲ್ಲಗೆ, "ನಾ ನೀರು ಕುಡದಿಲ್ಲ. ಓಣ್ಯಾಗ ಹೇಳ್ರಿ. ನಾ ಕುಡಿಯೂತನ ಯಾರೂ ಒಲಿ ಹಚ್ಚೂದಿಲ್ಲ, ದೀಪಾ ಹಚ್ಚೂದಿಲ್ಲ, ಬಟನ್ ಮುಟ್ಟೂದಿಲ್ಲ. ಎಲ್ಲಾರೂ ಎದ್ದು ಸಾಲೀ ಮೈದಾನಕ್ಕ ನಡೀರಿ," ಎಂದರು.

ಯಾಕೆ ಎಂದು ಯಾರೂ ಕೇಳಲಿಲ್ಲ. ಅಜ್ಜಿ ಕುಡಿದಿಲ್ಲ ಎಂಬ ಮಾತು ಬಾಯಿಂದ ಬಾಯಿಗೆ ಹಾರಿ ಓಣಿಯ ತುದಿ ಮುಟ್ಟಿತು. ಸೆರಗಿನಲ್ಲಿ ಕಡ್ಡಿಪೆಟ್ಟಿಗೆ ಕಟ್ಟಿಕೊಂಡವಳು ಅದನ್ನು ಬಿಚ್ಚಿ ರಂಗೋಲಿಯ ಮೇಲಿಟ್ಟು, ಮಗುವನ್ನೆತ್ತಿಕೊಂಡು ನಡೆದಳು.

ಭೂಪಾಲ ಕನ್ನಡಿಯ ನಳಿಗೆ ಹಿಡಿದು ಓಣಿಯ ಬಾಯಿಗೆ ಓಡಿದ. ಕಿತ್ತೂರರು ಅಲ್ಲಿಗೇ ಬಂದು ನಿಂತಿದ್ದರು. ನೋಡಿದರು, ತಮ್ಮ ಮುಖ ಅದರಲ್ಲಿ ಕಂಡಿರಬೇಕು, ಫೋನ್ ತೆಗೆದರು. ಸೈರನ್ ಕೂಗಿತು. ಊರಾಚೆಯ ಸ್ಟೇಶನ್ನಿನಿಂದ ಕರೆಂಟು ತೆಗೆಸಿದರು, ಕಾರ್ಖಾನೆಯ ಕೊಳವೆಗೆ ಬೀಗ ಬಿತ್ತು. ಆಮೇಲೆ ಗಟಾರದ ಮುಚ್ಚಳ ಎತ್ತಿ ಅಳೆದವರು ತಮ್ಮ ಉಪಕರಣವನ್ನು ಎರಡು ಸಲ ನೋಡಿದರಂತೆ. ಒಂದೇ ಒಂದು ಒಲೆ ಸಾಕಿತ್ತು.

ಸೈರನ್ನಿನ ಹಿಂದೆಯೇ ಮುಖವಾಡದ ಪಡೆ ಬಂತು. ಸ್ಟ್ರೆಚರ್ ಹಿಡಿದ ಇಬ್ಬರು ತಾರಾಬಾಯಿಯ ಹತ್ತಿರ ಬಂದಾಗ ಕುಸುಮಾ ನಡುವೆ ನಿಂತಳು.

"ಇವರಿಗೆ ಎಚ್ಚರ ಐತಿ," ಎಂದಳು. "ಇವರನ್ನ ಕೇಳದ ಮೈ ಮುಟ್ಟಬ್ಯಾಡ್ರಿ. ಹೋದ ಸಲ ನಾನೂ ಕೇಳಿರಲಿಲ್ಲ."

ಪಡೆಯವರು ಮುಖವಾಡದೊಳಗಿಂದ ಒಬ್ಬರನ್ನೊಬ್ಬರು ನೋಡಿಕೊಂಡು ಸ್ಟ್ರೆಚರ್ ಕೆಳಗಿಟ್ಟರು. ತಾರಾಬಾಯಿ ಮಗನ ಹೆಗಲು ಹಿಡಿದು, ಅಲ್ಲಲ್ಲಿ ಕೂತು, ಮೈದಾನದವರೆಗೆ ನಡೆದೇ ಬಂದರು.

ಮೈದಾನ ಊರಿನ ಎತ್ತರದಲ್ಲಿತ್ತು. ಬೇವಿನ ಮರದ ಕೆಳಗೆ ಅವರನ್ನು ಕೂರಿಸಿ, ಕುಸುಮಾ ಬೋರ್‌ವೆಲ್ಲಿನ ನೀರು ತಂದಳು. ಸೆರಗಿನ ಬಿಳಿ ಭಾಗವನ್ನು ಎರಡು ಮಡಿಕೆ ಮಾಡಿ ಸೋಸಿದಳು. ಅನಿಲ ಏರಲಾರದ ಆ ಎತ್ತರದಲ್ಲಿ, ಪಾರಣೆಯ ನೀರಿಗಷ್ಟೇ ಎಂದು, ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಕಾಯಿಸಿ ಆರಿಸಿದಳು. ಲೋಟವನ್ನು ಭೂಪಾಲನ ಕೈಗೆ ಕೊಟ್ಟಳು. ಮೂರು ವರ್ಷದ ರೂಢಿ ಅದು. ಓಣಿಯ ಮಂದಿಯೆಲ್ಲ ಸುತ್ತ ಕುಳಿತಿದ್ದರು. ಹಸಿದ ಮಕ್ಕಳು ಅಳುತ್ತಿದ್ದರು, ಮತ್ತೊಬ್ಬ ವ್ರತಸ್ಥರು ತಾಯಿಯ ತೊಡೆಯ ಮೇಲೆ ಮಲಗಿದ್ದರು. ಆದರೂ ಯಾರೂ ಬಾಯಿಗೆ ಏನೂ ಹಾಕಲಿಲ್ಲ.

ತಾರಾಬಾಯಿಯ ತುಟಿ ಒಣಗಿ ಸೀಳಿತ್ತು. ಭೂಪಾಲ ಲೋಟ ಚಾಚಿದ. ಅವರು ತಲೆಯಾಡಿಸಿದರು.

"ಓಣ್ಯಾಗ ಯಾರರ ಉಳದಾರೇನು?"

"ಯಾರೂ ಇಲ್ರೀ ಅತ್ತ್ಯಾರ," ಎಂದಳು ಕುಸುಮಾ. "ನಾನ ಮನಿ ಮನಿ ಹೊಕ್ಕು ನೋಡಿ ಬಂದೀನಿ."

"ಚೌಗಲೇರ ಮನಿ?"

"ಬೀಗ ಐತ್ರೀ. ಅವರ ಮನ್ಯಾಗ ಉಪವಾಸ ಇದ್ದದ್ದು ಗಟಾರ ಒಂದ."

ತಾರಾಬಾಯಿಯ ಮುಖದಲ್ಲಿ ನಗೆಯಂಥದ್ದು ಬಂದು ಹೋಯಿತು. ಅವರು ಮಗನ ಕಡೆ ನೋಡಲಿಲ್ಲ.

"ಲೋಟಾ ಅಕೀ ಕೈಯಾಗ ಕೊಡೋ," ಎಂದರು. "ಅಕೀ ಕುಡಸ್ಲಿ."

ಕುಸುಮಾ ಲೋಟ ತೆಗೆದುಕೊಂಡಳು. ಅವಸರದಲ್ಲಿ ಅದನ್ನು ಒಮ್ಮೆಲೇ ಅತ್ತೆಯ ತುಟಿಗೆ ಬಗ್ಗಿಸಲು ಹೋದಳು.

"ಹನಿ ಹನಿ," ಎಂದರು ಅತ್ತೆ.

ಅವರು ಕುಡಿದರು. ಸುತ್ತ ಕುಳಿತವರು ಕೈಮುಗಿದರು. ಸ್ವಲ್ಪ ಹೊತ್ತಿನ ಮೇಲೆ, ಮೈದಾನದ ಆ ತುದಿಯಲ್ಲಿ, ಯಾರೋ ಮೂರು ಕಲ್ಲು ಹೂಡಿ ಒಲೆ ಹಚ್ಚಿದರು.